ಐತಾಳರ ಮನೆಯಲ್ಲಿ ಮಗುವನ್ನು ಎತ್ತಿಕೊಂಡವರು ಯಾರು?

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯ ಬಗ್ಗೆ ತರಗತಿಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. ಇದು ಮೂರು ತಲೆಮಾರಿನ ಕಥೆ. ರಾಮ ಐತಾಳರು ಮಣ್ಣನ್ನು ನಂಬಿದರು, ಮಗ ಲಚ್ಚ ಓದಲು ಹೋಗಿ ಹಾಳಾದ, ಮೊಮ್ಮಗ ರಾಮ ಪೇಟೆಗಳನ್ನೆಲ್ಲ ಸುತ್ತಿ ಕೋಡಿಗೆ ಮರಳಿದ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಹೀಗೆ ಹೇಳುವಾಗ ನಾವು ಮೂವರು ಗಂಡಸರನ್ನು ಎಣಿಸಿ ಅದನ್ನೇ ‘ತಲೆಮಾರು’ ಎಂದು ಕರೆಯುತ್ತಿರುತ್ತೇವೆ. ಆ ಮನೆಯಲ್ಲಿ ಮಕ್ಕಳನ್ನು ಎತ್ತಿಕೊಂಡವರು, ಮೀಯಿಸಿದವರು, ಉಣಿಸಿದವರು ಯಾರೆಂದು ಕೇಳಿಕೊಂಡು ಓದಿದರೆ ಬೇರೆಯೇ ಹೆಸರುಗಳು ಮುಂದೆ ಬರುತ್ತವೆ: ಪಾರೋತಿ, ಸರಸೋತಿ, ಸತ್ಯಭಾಮೆ, ನಾಗವೇಣಿ.

ಈ ಬರಹದ ಪ್ರಶ್ನೆ ಚಿಕ್ಕದು. ಎಳೆಮಕ್ಕಳ ತಾಯಂದಿರ ನಡುವಿನ ಗೆಳೆತನ ನಮ್ಮ ಸಾಹಿತ್ಯದಲ್ಲಿ ಎಲ್ಲಿದೆ? ತಾಯ್ತನದ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಜೋಗುಳಗಳಿವೆ, ತಾಯಿಯ ತ್ಯಾಗದ ಕಥೆಗಳಿವೆ, ಮಗನಿಗಾಗಿ ಕಾಯುವ ತಾಯಂದಿರಿದ್ದಾರೆ. ಆದರೆ ಅಂಬೆಗಾಲಿಡುವ ಮಗುವಿನ ತಾಯಿ, ಅಂಥದೇ ಮಗುವಿರುವ ಇನ್ನೊಬ್ಬ ತಾಯಿಯ ಜೊತೆ ಜಗಲಿಯಲ್ಲಿ ಕೂತು ಪಟ್ಟಾಂಗ ಹೊಡೆಯುವ ದೃಶ್ಯ ಎಷ್ಟು ಕಡೆ ಸಿಗುತ್ತದೆ? ಮಗು ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ, ರಾಗಿ ಮಣ್ಣಿ ಉಗುಳಿತು, ಅತ್ತೆ ಹೀಗಂದರು, ಮೈಕೈ ನೋವು ಎನ್ನುವ ಮಾತುಗಳಿಗೆ ನಮ್ಮ ಕಥನದಲ್ಲಿ ಸ್ಥಳ ಇದೆಯೇ?

ಹುಡುಕಲು ಕೋಡಿಯೇ ಒಳ್ಳೆಯ ಜಾಗ. ಈ ಕರಾವಳಿಯಲ್ಲಿ ಕೋಡಿ ಎಂಬ ಹೆಸರಿನ ಊರು ಒಂದೇ ಅಲ್ಲ. ಕಾರಂತರ ಕೋಡಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮರಳಿನ ಪಟ್ಟಿ. ಅಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೂ ಕೆಲಸವೇ, ಅದರಲ್ಲೂ ಮಳೆಗಾಲದಲ್ಲಿ. ಐತಾಳರ ಮೊದಲ ಹೆಂಡತಿ ಪಾರೋತಿಗೆ ಮಕ್ಕಳಿಲ್ಲ. ತಂಗಿ ಸರಸೋತಿ ವಿಧವೆ. ಇವರಿಬ್ಬರ ದಿನವೆಂದರೆ ದುಡಿತ: ಗದ್ದೆಯ ಕೆಲಸ, ಅಡುಗೆ, ಹಪ್ಪಳ ಸಂಡಿಗೆ, ಮಳೆಗಾಲದಲ್ಲಿ ನೆರೆಗೆ ತೇಲಿಬಂದ ಕಟ್ಟಿಗೆಯನ್ನು ಕಡಲ ಬದಿಯಲ್ಲಿ ಒಟ್ಟುಮಾಡುವುದು. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ತಂದಾಗ ಓದುಗರಾದ ನಾವು ಸವತಿ ಜಗಳಕ್ಕೆ ಸಿದ್ಧರಾಗುತ್ತೇವೆ. ಕಾರಂತರು ಆ ದಾರಿ ಹಿಡಿಯುವುದಿಲ್ಲ. ಮನೆಗೆ ಕೂಸು ಬಂದ ಮೇಲೆ ಅದು ಹೆತ್ತವಳೊಬ್ಬಳದೇ ಸೊತ್ತಾಗಿ ಉಳಿಯುವುದಿಲ್ಲ.

ಇದನ್ನು ಗೆಳೆತನ ಎನ್ನಬಹುದೇ? ಕಾದಂಬರಿ ಆ ಶಬ್ದವನ್ನು ಕೊಡುವುದಿಲ್ಲ. ಅಲ್ಲಿರುವುದು ಅತ್ತಿಗೆ, ನಾದಿನಿ, ಸವತಿ, ಅತ್ತೆ, ಸೊಸೆ ಎಂಬ ನಂಟಿನ ಹೆಸರುಗಳು. ಪಾರೋತಿಗೂ ಸರಸೋತಿಗೂ ಇರುವ ಹೊಂದಾಣಿಕೆ ಯಾವ ಗೆಳೆತನಕ್ಕೂ ಕಡಿಮೆಯದಲ್ಲ. ಆದರೂ ನಮ್ಮ ಭಾಷೆ ಅದನ್ನು ‘ಅತ್ತಿಗೆ–ನಾದಿನಿ ಚೆನ್ನಾಗಿದ್ದರು’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ. ಕನ್ನಡದಲ್ಲಿ ‘ಗೆಳತಿ’ ಎಂದರೆ ಮದುವೆಗೆ ಮುಂಚಿನವಳು, ಶಾಲೆಯವಳು, ಇಲ್ಲವೇ ಕವಿಯ ಪ್ರೇಯಸಿ. ಮದುವೆಯಾಗಿ ಮಗುವಾದವಳಿಗೆ ಇರುವುದು ನಂಟು. ಹೆಸರಿಲ್ಲದ ಗೆಳೆತನವನ್ನು ವಿಮರ್ಶೆ ಗುರುತಿಸದೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾಗವೇಣಿಯ ಪಾಲಿಗೆ ಬಂದಾಗ ವಿಷಯ ಗಂಭೀರವಾಗುತ್ತದೆ. ಲಚ್ಚನನ್ನು ಮದುವೆಯಾಗಿ ಆ ಮನೆಗೆ ಬಂದ ಅವಳು ಗಂಡನ ರೋಗಕ್ಕೆ, ಅವನ ಮೋಸಕ್ಕೆ, ಹೆತ್ತ ಕೂಸುಗಳ ಸಾವಿಗೆ ಒಳಗಾಗುತ್ತಾಳೆ. ಅವಳ ನೋವನ್ನು ಆ ಮನೆಯಲ್ಲಿ ಅರಿತವಳು ಸರಸೋತಿ. ತಾನೇ ಮಗುವನ್ನು ಹೆರದ, ಮದುವೆಯ ಸುಖವನ್ನೂ ಕಾಣದ ಮುದುಕಿ ಸೊಸೆಯ ಕಷ್ಟವನ್ನು ತನ್ನದೆಂದುಕೊಳ್ಳುತ್ತಾಳೆ. ಇದು ಕನ್ನಡ ಕಾದಂಬರಿಯ ಅತ್ಯಂತ ಆರ್ದ್ರ ಸಂಬಂಧಗಳಲ್ಲಿ ಒಂದು. ಆದರೆ ಇನ್ನೊಂದನ್ನೂ ಗಮನಿಸಬೇಕು. ನಾಗವೇಣಿಯ ಓರಗೆಯವಳು, ಅವಳಂತೆಯೇ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡವಳು, ಅವಳ ಜೊತೆ ಸಲಿಗೆಯಿಂದ ಮಾತಾಡುವವಳು ಯಾರು? ಅವಳಿಗೆ ಆಸರೆಯಾಗಿ ನಿಲ್ಲುವುದು ಪಿಟೀಲು ಮತ್ತು ಕಡಲು. ಗೆಳತಿಯ ಜಾಗ ಖಾಲಿ.

ಈ ಖಾಲಿ ಜಾಗ ಕಾರಂತರೊಬ್ಬರದಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನೆನಪಿಸಿಕೊಳ್ಳಿ. ಬಾಲವಿಧವೆಯಾದ ಫಣಿಯಮ್ಮ ಇತರರ ಹೆರಿಗೆಗೆ ನಿಲ್ಲುತ್ತಾಳೆ, ಮಡಿಯ ಗೆರೆ ದಾಟಿಯೂ ನಿಲ್ಲುತ್ತಾಳೆ. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆಯ ನಡುವೆ ಇರುವವಳು ಸೂಲಗಿತ್ತಿ ಲಿಲ್ಲಿಬಾಯಿ. ಆ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಉಮಾಶ್ರೀ ಅಭಿನಯಿಸಿದ ಗುಲಾಬಿಗೆ ಸ್ವಂತ ಮಕ್ಕಳಿಲ್ಲ. ಊರಿನ ಕೂಸುಗಳನ್ನೆಲ್ಲ ಲೋಕಕ್ಕೆ ತಂದವಳು ಅವಳು, ಸವತಿಯ ಮಗನನ್ನು ಹಚ್ಚಿಕೊಂಡವಳೂ ಅವಳೇ. ಪಾರೋತಿ, ಸರಸೋತಿ, ಫಣಿಯಮ್ಮ, ಗುಲಾಬಿಯರನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಮ್ಮ ಕಥನದಲ್ಲಿ ಎಳೆತಾಯಿಯ ಹತ್ತಿರ ಬಂದು ನಿಲ್ಲುವವಳು ಬಹುಮಟ್ಟಿಗೆ ಹೆರದ ಹೆಂಗಸು. ಇನ್ನೊಬ್ಬ ಎಳೆತಾಯಿ ಅಲ್ಲ.

ಯಾಕೆ ಹೀಗೆ? ಒಂದು ಕಾರಣ ಬದುಕಿನಲ್ಲೇ ಇತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗುತ್ತಿತ್ತು. ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಮರಳಿದ ಸೊಸೆಗೆ ಆ ಊರಿನಲ್ಲಿ ಓರಗೆಯವರ ಸಂಗ ಕಟ್ಟಿಕೊಳ್ಳಲು ಬಿಡುವೂ ಇಲ್ಲ, ಅಪ್ಪಣೆಯೂ ಇಲ್ಲ. ಬಾವಿಕಟ್ಟೆ, ದೇವಸ್ಥಾನ, ಯಾರದೋ ಮನೆಯ ನಾಮಕರಣ ಬಿಟ್ಟರೆ ನಾಲ್ಕು ಮಾತಾಡುವ ಜಾಗ ಬೇರೆ ಎಲ್ಲಿ? ಬಿಡುವಾಗಿ ಓಡಾಡಬಲ್ಲವಳು, ಮಗುವನ್ನು ಎರಡು ಗಳಿಗೆ ಹಿಡಿದುಕೊಳ್ಳಬಲ್ಲವಳು ಮನೆಯ ವಿಧವೆ ಇಲ್ಲವೇ ಹೊರಗಿನಿಂದ ಬರುವ ಸೂಲಗಿತ್ತಿ. ಹಾಗಾಗಿ ಈ ಚಿತ್ರದ ಇನ್ನೊಂದು ಮುಖವನ್ನು ಮರೆಯಬಾರದು. ಸರಸೋತಿಯ ಮಮತೆಯನ್ನು ಹೊಗಳುವಾಗ, ಆ ಮಮತೆ ಸಂಬಳವಿಲ್ಲದ, ಬೇರೆ ದಾರಿಯಿಲ್ಲದ ದುಡಿತವೂ ಆಗಿತ್ತು ಎಂಬುದನ್ನು ಜೊತೆಗೇ ಹೇಳಬೇಕು. ‘ಹಿಂದೆ ಕೂಡುಕುಟುಂಬವಿತ್ತು, ತಾಯಂದಿರಿಗೆ ಕಷ್ಟವೇ ಇರಲಿಲ್ಲ’ ಎಂದು ಹಲುಬುವವರಿಗೆ ‘ಮರಳಿ ಮಣ್ಣಿಗೆ’ ಸಾಕ್ಷಿಯಾಗಿ ಒದಗುವುದಿಲ್ಲ. ಆ ಮನೆಯಲ್ಲಿ ಕೂಸಿಗೆ ಕೈಗಳು ಹೆಚ್ಚಿದ್ದವು. ಆ ಕೈಗಳಿಗೆ ವಿಶ್ರಾಂತಿ ಇರಲಿಲ್ಲ.

ಎರಡನೆಯ ಕಾರಣ ಕಥನದ ರೂಪಕ್ಕೆ ಸೇರಿದ್ದು. ಮೂರು ತಲೆಮಾರು ಹೇಳುವ ಕಾದಂಬರಿಗೆ ವರ್ಷಗಳು ಬೇಕು. ಎಳೆಮಗುವಿನ ತಾಯಿಯ ಬಳಿ ಇರುವುದು ದಿನಗಳು, ಅದೂ ಒಂದರಂತೆ ಇನ್ನೊಂದು. ಎಬ್ಬಿಸು, ಮೀಯಿಸು, ಉಣಿಸು, ಮಲಗಿಸು, ಬಟ್ಟೆ ಒಗೆ, ಮತ್ತೆ ಎಬ್ಬಿಸು. ಇದರಲ್ಲಿ ಘಟನೆ ಇಲ್ಲ, ತಿರುವು ಇಲ್ಲ. ಮಗು ಬಿದ್ದರೆ, ಜ್ವರ ಬಂದರೆ ಕಥೆ; ಬೀಳದೆ ಇದ್ದರೆ ಏನೂ ನಡೆದಿಲ್ಲ ಎಂದು ಕಥೆ ಮುಂದೆ ಹೋಗುತ್ತದೆ. ಬೀಳದಂತೆ ನೋಡಿಕೊಂಡ ಆ ಇಡೀ ದಿನದ ಕೆಲಸ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು ಇಬ್ಬರು ತಾಯಂದಿರ ಮಾತು. ಅದು ಯಾವತ್ತೂ ಪೂರ್ತಿಯಾಗುವುದಿಲ್ಲ. ‘ನಿನ್ನೆ ಏನಾಯ್ತು ಗೊತ್ತುಂಟಾ’ ಎನ್ನುವಷ್ಟರಲ್ಲಿ ಒಂದು ಮಗು ಮಣ್ಣು ಬಾಯಿಗಿಡುತ್ತದೆ, ಇನ್ನೊಂದು ಅಂಗಳಕ್ಕೆ ಇಳಿಯುತ್ತದೆ. ಮಾತು ಅರ್ಧಕ್ಕೆ ನಿಂತು, ಅರ್ಧ ಗಂಟೆ ಬಿಟ್ಟು ಬೇರೆಲ್ಲೋ ಶುರುವಾಗುತ್ತದೆ. ಆದರೂ ಇಬ್ಬರಿಗೂ ಎಲ್ಲಿ ಬಿಟ್ಟಿತ್ತೆಂದು ನೆನಪಿರುತ್ತದೆ. ಗೆಳೆತನ ಇರುವುದು ಆ ನೆನಪಿನಲ್ಲಿ. ಚರ್ಚೆ, ವಾದ, ನಿರ್ಧಾರಗಳಿಗಾಗಿ ಪಳಗಿದ ನಮ್ಮ ಕಾದಂಬರಿಯ ಸಂಭಾಷಣೆಗೆ ಈ ಹರಿದ ಮಾತನ್ನು ಹಿಡಿಯುವುದು ಕಷ್ಟ.

ವೈದೇಹಿ ಮುಖ್ಯರಾಗುವುದು ಇಲ್ಲಿ. 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದ ಅವರು ಕುಂದಾಪುರದ ಕನ್ನಡವನ್ನು ಕಥೆಗೆ ತಂದರು ಎಂದಷ್ಟೇ ಹೇಳಿ ನಾವು ಸುಮ್ಮನಾಗುತ್ತೇವೆ. ಅವರು ತಂದದ್ದು ಆ ಮಾತಿನ ನಡಿಗೆಯನ್ನೂ ಹೌದು. ಒಂದು ವಿಷಯ ಹೇಳುತ್ತ ಇನ್ನೊಂದಕ್ಕೆ ಹೊರಳುವುದು, ನಗುವಿನ ನಡುವೆ ಕಣ್ಣೀರಿನ ಸುದ್ದಿ ಬಂದು ಹೋಗುವುದು, ಹೇಳಬೇಕಾದ್ದನ್ನು ಹೇಳದೆ ದಾಟಿಸುವುದು ಒಳಮನೆಯ ಹೆಂಗಸರ ಮಾತಿನ ಕ್ರಮ. ‘ಗುಲಾಬಿ ಟಾಕೀಸು’ ಕಥೆಯಲ್ಲಿ ಸೂಲಗಿತ್ತಿ ಲಿಲ್ಲಿಬಾಯಿ ಟಾಕೀಸಿನ ಹೆಂಗಸರ ಬಾಗಿಲು ಕಾಯುವವಳಾಗುತ್ತಾಳೆ. ಊರಿನ ಹೆಂಗಸರಿಗೆ ಮನೆಯೂ ಅಲ್ಲದ, ದೇವಸ್ಥಾನವೂ ಅಲ್ಲದ ಒಂದು ಜಾಗ ಸಿಗುತ್ತದೆ. ಸಿನೆಮಾ ನೆಪ. ಓರಗೆಯವರು ಜೊತೆಯಾಗಿ ಹೊರಡುವುದು, ಜೊತೆಯಾಗಿ ಕೂರುವುದು, ಆಮೇಲೆ ಆ ಬಗ್ಗೆ ಮಾತಾಡುವುದು ನಿಜವಾದ ಘಟನೆ. ಕಾರಂತರ ಕೋಡಿಯಲ್ಲಿ ಇಲ್ಲದ ಜಾಗ ಇದು.

ಕಾಸರವಳ್ಳಿಯವರ ಚಿತ್ರ ಈ ಜಾಗಕ್ಕೆ ಬೇಲಿ ಎಲ್ಲಿದೆ ಎಂದು ತೋರಿಸುತ್ತದೆ. ಕಾಲ 1990ರ ದಶಕದ ಕೊನೆ, ಕಾರ್ಗಿಲ್ ಯುದ್ಧದ ದಿನಗಳು. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಅವಳ ಮನೆಗೆ ಟಿ.ವಿ. ಬಂದಾಗ ಮೀನುಗಾರರ ಕೇರಿಯ ಹೆಂಗಸರು ಮಕ್ಕಳೊಂದಿಗೆ ಬಂದು ಸೇರುತ್ತಾರೆ. ಕೆಲವರು ಒಳಗೆ ಬರುತ್ತಾರೆ, ಕೆಲವರು ಹೊರಗೇ ನಿಂತು ನೋಡುತ್ತಾರೆ. ಊರಿನ ಗಂಡಸರ ಮೀನಿನ ವ್ಯಾಪಾರದ ಜಗಳ ಧರ್ಮದ ಜಗಳವಾಗುತ್ತಿದ್ದಂತೆ ಈ ಕೂಟ ಒಡೆಯುತ್ತದೆ. ಹೆಂಗಸರ ಗೆಳೆತನವನ್ನು ಒಡೆದದ್ದು ಹೆಂಗಸರ ಜಗಳವಲ್ಲ ಎಂಬುದನ್ನು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ. ಇದೇ ಪ್ರಶ್ನೆಯನ್ನು ಹಿಂದಕ್ಕೆ ಹೋಗಿ ಕಾರಂತರಿಗೂ ಕೇಳಬೇಕು. ಐತಾಳರ ಗದ್ದೆಯಲ್ಲಿ ದುಡಿಯುವ ಸೂರನ ಹೆಂಡತಿ ಬಚ್ಚಿ ಯಾರ ಜಗಲಿಯಲ್ಲಿ ಕೂರಬಲ್ಲಳು? ಕಾದಂಬರಿಗೆ ಅವಳ ಮೇಲೆ ಪ್ರೀತಿ ಇದೆ. ಆದರೆ ಅದರ ಕಣ್ಣು ಐತಾಳರ ಮನೆಯದು. ಅವಳ ಗುಡಿಸಲಿನ ಒಳಗಿನಿಂದ ಬರೆದ ದಿನಚರಿ ನಮ್ಮಲ್ಲಿ ಇಲ್ಲ.

‘ಇದೆಲ್ಲ ಸಣ್ಣ ವಿಷಯ, ಹೆಂಗಸರ ಹರಟೆ, ಸಾಹಿತ್ಯಕ್ಕೆ ದೊಡ್ಡ ವಸ್ತುಗಳಿವೆ’ ಎನ್ನುವವರಿದ್ದಾರೆ. ಅವರು ತ್ರಿವೇಣಿಯವರ ‘ಶರಪಂಜರ’ವನ್ನು ಮತ್ತೊಮ್ಮೆ ಓದಬೇಕು. ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕೆಡುತ್ತದೆ. ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಬಂದವಳನ್ನು ಗಂಡ, ನೆಂಟರು, ಸುತ್ತಲಿನವರು ಹುಚ್ಚಿಯಂತೆಯೇ ನೋಡುತ್ತಾರೆ. ಅವಳನ್ನು ಮತ್ತೆ ಕೆಡವಿದ್ದು ಈ ನೋಟ. ಈ ಕಾದಂಬರಿಯನ್ನು ನಾವು ಗಂಡನ ದ್ರೋಹದ ಕಥೆಯಾಗಿ ಓದಿದ್ದೇವೆ. 1971ರ ಪುಟ್ಟಣ್ಣ ಕಣಗಾಲರ ಚಿತ್ರ ಬಂದ ಮೇಲಂತೂ ಹಾಗೇ. ಗೆಳತಿಯಿಲ್ಲದ ಬಾಣಂತಿಯ ಕಥೆಯಾಗಿಯೂ ಓದಬಹುದು. ‘ನನಗೂ ಹಾಗೇ ಆಗಿತ್ತು’ ಎಂದು ಹೇಳುವ ಒಬ್ಬಳು ಪಕ್ಕದ ಮನೆಯಲ್ಲಿ ಇದ್ದಿದ್ದರೆ? ಮಗುವಿನ ಮುಖವನ್ನು ನೋಡದೆ ಗೋಡೆ ನೋಡುತ್ತ ಕೂತ ತಾಯಿಯನ್ನು ವೈದ್ಯರಿಗಿಂತ ಮೊದಲು ಗುರುತಿಸಬಲ್ಲವಳು ದಿನವೂ ಬಂದು ಹೋಗುವ ಗೆಳತಿ. ಗೆಳೆತನ ಔಷಧಿಯಲ್ಲ, ನಿಜ. ಆದರೆ ಔಷಧಿಯ ಬಾಗಿಲಿಗೆ ಕರೆದುಕೊಂಡು ಹೋಗುವವರು ಬೇಕಲ್ಲ.

ಸ್ವತಃ ತ್ರಿವೇಣಿಯವರು 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವೈದ್ಯೆಯೂ ಲೇಖಕಿಯೂ ಆದ ಅನುಪಮಾ ನಿರಂಜನರ ‘ತಾಯಿ–ಮಗು’ ಹಲವು ಮುದ್ರಣ ಕಂಡು ಮನೆಮನೆಗೆ ಹೋಯಿತು. ಯಾರನ್ನು ಕೇಳುವುದು ಎಂದು ತಿಳಿಯದ ಎಷ್ಟೋ ಎಳೆತಾಯಂದಿರಿಗೆ ಆ ಪುಸ್ತಕವೇ ಜೊತೆಯಾಯಿತು. ಅದನ್ನು ನಾವು ಆರೋಗ್ಯದ ಪುಸ್ತಕ ಎಂದು ಬೇರೆ ಕಪಾಟಿನಲ್ಲಿಟ್ಟೆವು. ಕಥನ ಖಾಲಿ ಬಿಟ್ಟ ಗೆಳತಿಯ ಜಾಗಕ್ಕೆ ಒಂದು ಕೈಪಿಡಿ ಬಂದು ಕೂತದ್ದು ಸಾಹಿತ್ಯಚರಿತ್ರೆಯ ವಿಷಯವೂ ಹೌದು.

ಈಗ ಜಾಗಗಳು ಬದಲಾಗಿವೆ. 1975ರಲ್ಲಿ ದೇಶದಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದಿವೆ. 2017ರಲ್ಲಿ ರಾಜ್ಯದ ‘ಮಾತೃಪೂರ್ಣ’ ಯೋಜನೆ ಗರ್ಭಿಣಿಯರನ್ನು, ಬಾಣಂತಿಯರನ್ನು ಮಧ್ಯಾಹ್ನದ ಬಿಸಿಯೂಟಕ್ಕೆ ಅಂಗನವಾಡಿಗೆ ಕರೆಯಿತು. ಮನೆಗಳು ದೂರದೂರ ಇರುವ ಕಡೆ, ಕೂಸನ್ನು ಎತ್ತಿಕೊಂಡು ಅಷ್ಟು ದೂರ ನಡೆಯುವುದು ಹೇಗೆ ಎಂಬ ದೂರು ನ್ಯಾಯವಾದದ್ದೇ. ಆದರೂ ಆ ಊಟದ ಸಾಲಿನಲ್ಲಿ ಐತಾಳರ ಕೋಡಿ ಊಹಿಸದ ಒಂದು ಸಂಗತಿ ಇದೆ: ಬೇರೆ ಬೇರೆ ಜಾತಿಯ, ಕೇರಿಯ ಎಳೆತಾಯಂದಿರು ಒಂದೇ ಹೊತ್ತಿಗೆ, ಒಂದೇ ಚಾಪೆಯ ಮೇಲೆ, ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವ ಸಾಧ್ಯತೆ. ಅಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಡಬ್ಬಿಯಲ್ಲಿ ಹಾಕಿಸಿಕೊಂಡು ಹೊರಟುಬಿಡುತ್ತಾರೆ, ಯಾರ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದರಲ್ಲಿ ಒಂದು ಕಾದಂಬರಿಗೆ ಬೇಕಾದಷ್ಟು ವಸ್ತು ಇದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ, ಗಲ್ಫ್‌ನ ಬಾಡಿಗೆ ಮನೆಯಲ್ಲಿ ಒಂಟಿಯಾಗಿ ಮಗು ಸಾಕುವ ಕುಂದಾಪುರದ ಹೆಣ್ಣುಮಕ್ಕಳದ್ದು ಇನ್ನೊಂದು ಕಾದಂಬರಿ.

ಕನ್ನಡ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮುಂದಿನ ಸಲ ‘ಮರಳಿ ಮಣ್ಣಿಗೆ’ಯ ಮೇಲೆ ಪ್ರಬಂಧ ಬರೆಯುವಾಗ ಮೂವರು ಗಂಡಸರ ಹೆಸರು ಬರೆಯುವ ಮೊದಲು ಒಂದು ಪಟ್ಟಿ ಮಾಡಿ. ಯಾವ ಪುಟದಲ್ಲಿ ಮಗು ಯಾರ ಕೈಯಲ್ಲಿದೆ? ಆ ಹೊತ್ತಿಗೆ ಹೆತ್ತವಳು ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ, ಯಾರೊಂದಿಗೆ ಮಾತಾಡುತ್ತಿದ್ದಾಳೆ? ಯಾರೊಂದಿಗೂ ಮಾತಾಡದ ಪುಟಗಳು ಎಷ್ಟು? ಈ ಪಟ್ಟಿಯಿಂದ ಕಾರಂತರ ಕಾದಂಬರಿ ಚಿಕ್ಕದಾಗುವುದಿಲ್ಲ. ಅವರು ಕಂಡದ್ದು ಎಷ್ಟು, ಅವರ ನಂತರದವರು ಕಾಣಬೇಕಾಗಿರುವುದು ಎಷ್ಟು ಎಂಬುದು ತಿಳಿಯುತ್ತದೆ.