ಗ್ರೀಕನ ಕಥೆಯೂ ಮೆರೆರನ ದಿನಚರಿಯೂ

ಗೀಜಾದ ಮಹಾಪಿರಮಿಡ್ಡನ್ನು ಕಟ್ಟಿದವರ ವಿಷಯದಲ್ಲಿ ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿರುವ ಕಲ್ಪನೆಗೆ ಮುಖ್ಯ ಕಾರಣನು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು. ಮೂರು ಮೂರು ತಿಂಗಳ ಸರದಿಯಲ್ಲಿ ಲಕ್ಷ ಜನ ದುಡಿದರೆಂದೂ, ಕಲ್ಲು ಸಾಗಿಸುವ ದಾರಿಗೆ 10 ವರ್ಷ, ಪಿರಮಿಡ್ಡಿಗೆ 20 ವರ್ಷ ಹಿಡಿಯಿತೆಂದೂ, ಖುಫು ದೊರೆಯು ದೇವಾಲಯಗಳನ್ನು ಮುಚ್ಚಿಸಿ ಪ್ರಜೆಗಳೆಲ್ಲರನ್ನೂ ತನ್ನ ಕೆಲಸಕ್ಕೆ ಹೂಡಿದನೆಂದೂ ಅವನ ಗ್ರಂಥದ ಎರಡನೆಯ ಭಾಗದಲ್ಲಿ ಹೇಳಿದೆ. ಕೆಲಸಗಾರರು ತಿಂದ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳ ವೆಚ್ಚವನ್ನು ಪಿರಮಿಡ್ಡಿನ ಮೇಲೆಯೇ ಬರೆದಿತ್ತೆಂದು ದುಭಾಷಿಯೊಬ್ಬನು ಓದಿ ಹೇಳಿದನಂತೆ! ನಿರೂಪಣೆಯ ಚೆಲುವಿನಲ್ಲಿ ಈ ಭಾಗಕ್ಕೆ ಎಣೆ ಕಡಮೆ. ಆದರೆ ಖುಫುವಿಗೂ ಈ ಗ್ರಂಥಕರ್ತನಿಗೂ ನಡುವೆ ಸುಮಾರು 2,000 ವರ್ಷಗಳು ಕಳೆದಿದ್ದವೆಂಬುದನ್ನು ವಾಚಕರು ಮರೆಯುತ್ತಾರೆ. ಮರೆಯುವಂತೆ ಅವನು ಬರೆದಿದ್ದಾನೆ.

2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬ ಹಳೆಯ ರೇವಿನಲ್ಲಿ ಪಿಯೆರ್ ತಾಲೆ ಎಂಬ ಫ್ರೆಂಚ್ ವಿದ್ವಾಂಸರೂ ಅವರ ಸಂಗಡಿಗರೂ ಪಪೈರಸ್ ತುಣುಕುಗಳನ್ನು ಕಂಡರು. ಬರೆಹವುಳ್ಳ ಪಪೈರಸ್ಸುಗಳಲ್ಲಿ ನಮಗೆ ತಿಳಿದಿರುವಂತೆ ಇವೇ ಅತ್ಯಂತ ಪ್ರಾಚೀನ. ಇವುಗಳಲ್ಲಿ ಸುಮಾರು 40 ಜನರ ತಂಡಕ್ಕೆ ಮೇಲ್ವಿಚಾರಕನಾಗಿದ್ದ ಮೆರೆರನ ದಿನಚರಿಯಿದೆ. ಕಾಲವು ಖುಫುವಿನ ಆಳಿಕೆಯ ಕೊನೆಯ ವರ್ಷಗಳು.

ಇದರಲ್ಲಿ ಕಥೆಯೆಂಬುದಿಲ್ಲ. ನೈಲ್ ನದಿಯ ಪೂರ್ವದಡದ ತುರಾ ಗಣಿಯಲ್ಲಿ ಬಿಳಿಯ ಸುಣ್ಣಕಲ್ಲನ್ನು ದೋಣಿಗೆ ಏರಿಸಿದುದು, ಪ್ರವಾಹದೊಡನೆ ಸಾಗಿದುದು, ಖುಫುವಿನ ಹೆಸರಿನ ಕೊಳದ ಬಳಿ ರಾತ್ರಿ ಕಳೆದುದು, ‘ಖುಫುವಿನ ದಿಗಂತ’ವೆಂದು ಕರೆಯಲಾಗುತ್ತಿದ್ದ ಪಿರಮಿಡ್ಡಿನ ಎಡೆಗೆ ಮುಟ್ಟಿದುದು, ಬರಿದೋಣಿಯೊಡನೆ ಮರಳಿದುದು: ಇಷ್ಟೇ. ಹತ್ತು ದಿನಗಳಲ್ಲಿ ಎರಡು ಮೂರು ಸಲ ಇದೇ ಪಯಣ, ಇದೇ ಮಾತುಗಳು. ಅಲಂಕಾರಪ್ರಿಯರು ಇದನ್ನು ಪುನರುಕ್ತಿದೋಷವೆಂದಾರು. ನಮ್ಮ ಅಭಿಪ್ರಾಯದಲ್ಲಿ ಈ ಬರೆಹದ ಜೀವವೇ ಅದರಲ್ಲಿದೆ. ಸುಮಾರು 23 ಲಕ್ಷ ಕಲ್ಲುಗಳು, 146 ಮೀಟರಿನ ಎತ್ತರ ಎಂಬ ಅಂಕಿಗಳು ಬೆರಗನ್ನು ಹುಟ್ಟಿಸುತ್ತವೆಯೇ ಹೊರತು ದುಡಿಮೆಯನ್ನು ತೋರಿಸುವುದಿಲ್ಲ. ಮೆರೆರನ ಸಾಲುಗಳಲ್ಲಿ ದಿನದ ಮೇಲೆ ದಿನ ಬಿದ್ದು ಬೆಟ್ಟ ಬೆಳೆಯುತ್ತದೆ.

ಹೀಗೆಂದು ಗ್ರೀಕನನ್ನು ತಿರಸ್ಕರಿಸುವುದು ನ್ಯಾಯವಲ್ಲ. ಅರೇಬಿಯಾದ ಕಡೆಯ ಗುಡ್ಡಗಳಿಂದ ಕಲ್ಲನ್ನು ತಂದು ನದಿಯನ್ನು ದೋಣಿಗಳಲ್ಲಿ ದಾಟಿಸಿದರೆಂದು ಅವನು ಹೇಳಿದ್ದನು. ಮೆರೆರನ ತುರಾ ಆ ಕಡೆಯೇ ಇದೆ. ಅವನು ಎಡವಿದುದು ಮನುಷ್ಯರ ವಿಷಯದಲ್ಲಿ. ಅವನ ಲಕ್ಷ ಜನರಿಗೆ ಊಟದ ಬೆಲೆಯುಂಟು, ಮನೆಯಿಲ್ಲ, ಮುಖವಿಲ್ಲ.

ಈಚೆಗೆ ಕೆಲವರು ಇನ್ನೊಂದು ತುದಿಗೆ ಹಾರಿ, ಗುಲಾಮರಲ್ಲದ ಮೇಲೆ ಇವರು ಸುಖಿಗಳೇ ಆಗಿದ್ದಿರಬೇಕೆಂದು ಬರೆಯುತ್ತಾರೆ. ಇದೂ ಒಂದು ಕಥೆಯೇ. ಮಾರ್ಕ್ ಲೇನರ್ ಅವರು ಅಗೆದ ಊರಿನಲ್ಲಿ ರೊಟ್ಟಿ ಸುಡುವ ಮನೆಗಳೂ ದನಕುರಿಗಳ ಎಲುಬುಗಳೂ ದೊರೆತಿವೆ, ನಿಜ. 1990ರಿಂದ ಕಾಣಿಸಿಕೊಂಡ ಕೆಲಸಗಾರರ ಗೋರಿಗಳು ಪಿರಮಿಡ್ಡುಗಳ ಬಳಿಯಲ್ಲಿಯೇ ಇವೆ. ಗುಲಾಮರಿಗೆ ಅಂತಹ ಮನ್ನಣೆ ದೊರೆಯುತ್ತಿರಲಿಲ್ಲವೆಂಬ ತರ್ಕವೂ ಯುಕ್ತವೇ. ಆದರೆ ಅಲ್ಲಿಯ ಅಸ್ಥಿಪಂಜರಗಳಲ್ಲಿ ಸವೆದ ಬೆನ್ನೆಲುಬುಗಳಿವೆ, ಮುರಿದು ಮತ್ತೆ ಕೂಡಿದ ಕೈಕಾಲುಗಳಿವೆ. ಮೂಳೆಯನ್ನು ಕೂಡಿಸಿದ ವೈದ್ಯನನ್ನು ಹೊಗಳುವವರು ಅದು ಮುರಿದುದನ್ನೂ ಹೇಳಬೇಕು.

ಮೆರೆರನ ದಿನಚರಿಯೂ ಈ ಕುಂದಿನಿಂದ ಮುಕ್ತವಲ್ಲ. ಅದು ಮೇಲ್ವಿಚಾರಕನ ಲೆಕ್ಕ. ಕೆಲಸದ ಮೇಲಧಿಕಾರಿಯಾಗಿದ್ದ ಅಂಖ್‌ಹಾಫನು ರಾಜನ ಮಲಸಹೋದರ. ಅವನ ಹೆಸರು ಬರುತ್ತದೆ. ಕಲ್ಲನ್ನು ಹೊತ್ತಿಳಿಸಿದವರು ಬರಿಯ ತಂಡವಾಗಿ ಉಳಿಯುತ್ತಾರೆ. ಮಹಾಪಿರಮಿಡ್ಡಿನೊಳಗೆ, ರಾಜನ ಕೋಣೆಯ ಮೇಲಿನ ಕಿರುಗೂಡುಗಳಲ್ಲಿ, ಇಂತಹ ತಂಡಗಳು ಕೆಂಪು ಬಣ್ಣದಿಂದ ತಮ್ಮ ಹೆಸರುಗಳನ್ನು ಬರೆದಿವೆ. ಅವುಗಳಲ್ಲಿಯೂ ಸೇರಿರುವುದು ದೊರೆಯ ಹೆಸರೇ.

ಈ ದಿನಚರಿಯನ್ನು ಕನ್ನಡಿಸುವವರಲ್ಲಿ ನಮ್ಮದೊಂದು ಬಿನ್ನಹ: ವಾಚಕರಿಗೆ ಬೇಸರವಾದೀತೆಂದು ಅದರ ಪುನರುಕ್ತಿಗಳನ್ನು ಕಳೆಯದಿರಲಿ; ತುಂಡಾದ ಕಡೆಯಲ್ಲಿ ತಮ್ಮ ಮಾತಿನಿಂದ ತೇಪೆ ಹಾಕದಿರಲಿ.