ಇಪ್ಪತ್ತು ನಿಮಿಷದ ಗಾಜಿನ ನಳಿಕೆ

ತಾಲ್ಲೂಕು ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ ನಾನು ಕಂಡ ಅತಿ ಸುಂದರ ಪರೀಕ್ಷೆಗೆ ಬೇಕಾದದ್ದು ಒಂದೇ ಒಂದು ಗಾಜಿನ ನಳಿಕೆ. ಹಾವು ಕಚ್ಚಿಸಿಕೊಂಡವರ 2 ಮಿ.ಲೀ. ರಕ್ತವನ್ನು ಅದರಲ್ಲಿ ಹಾಕಿ 20 ನಿಮಿಷ ಅಲುಗಿಸದೆ ನಿಲ್ಲಿಸುತ್ತಾರೆ. ನಳಿಕೆ ಹೊಸದಾಗಿರಬೇಕು, ಒಣಗಿರಬೇಕು. ಸೋಪಿನಲ್ಲಿ ತೊಳೆದದ್ದು ಸುಳ್ಳು ಹೇಳೀತು. ಪ್ಲಾಸ್ಟಿಕ್ಕಂತೂ ಬೇಡವೇ ಬೇಡ. ರಕ್ತವನ್ನು ಹೆಪ್ಪುಗಟ್ಟಲು ಹಚ್ಚುವುದೇ ಗಾಜಿನ ಮೈ. ಆಮೇಲೆ ಒಂದೇ ಸಲ ಓರೆಮಾಡುವುದು. ಗಟ್ಟಿ ಮೊಸರಿನಂತೆ ನಿಂತರೆ ಸದ್ಯಕ್ಕೆ ನೆಮ್ಮದಿ. ನೀರಾಗಿ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕಿಳಿದಿದೆ ಎಂದೇ ಲೆಕ್ಕ. ಪ್ರತಿವಿಷ ತಡಮಾಡದೆ ಶುರು.

ಆ ಇಪ್ಪತ್ತು ನಿಮಿಷ ವೈದ್ಯೆ ಸುಮ್ಮನಿರುವುದಿಲ್ಲ. “ಮೇಲೆ ನೋಡಿ ಅಜ್ಜಾ” ಎನ್ನುತ್ತಾ ರೆಪ್ಪೆ ಜೋಲುತ್ತಿದೆಯೇ ಎಂದು ಗಮನಿಸುತ್ತಾರೆ. ನಾಗರಹಾವು, ಕಟ್ಟುಹಾವುಗಳ ವಿಷ ನರಕ್ಕೇರುವ ಗುರುತು ಅದು, ನಳಿಕೆಗೆ ಕಾಣದ್ದು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರೆಂದು ಕೇಳಿಸಿಕೊಳ್ಳುತ್ತಾರೆ. ಊತ ಏರಿದಲ್ಲಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲೇ ಗಂಟೆ ಬರೆಯುತ್ತಾರೆ. ಎಂಥ ಕಣ್ಣು, ಎಂಥ ತಾಳ್ಮೆ! ಪ್ರತಿವಿಷ ಮೈಗೆ ಒಗ್ಗದಿದ್ದರೆ ಇರಲೆಂದು ಸಿಸ್ಟರ್ ಆಗಲೇ ಅಡ್ರಿನಲಿನ್ ಸಿರಿಂಜು ತುಂಬಿ, ಹೆಸರು ಅಂಟಿಸಿ, ದಿಂಬಿನ ಪಕ್ಕದ ಟ್ರೇಯಲ್ಲಿ ಇಟ್ಟಾಗಿದೆ.