ಗೋಲ್ಕೊಂಡ: ಗಣಿಯಿಲ್ಲದ ಕೋಟೆಯ ಹೆಸರು

ಇಂಗ್ಲಿಷ್ ನಿಘಂಟುಗಳಲ್ಲಿ 'ಗೋಲ್ಕೊಂಡ' ಎಂಬ ಅಪರೂಪದ ನಾಮಪದವೊಂದಿದೆ. ಅಗೆದಷ್ಟೂ ಸಂಪತ್ತು ಕೊಡುವ ಗಣಿ, ಅಪಾರ ಐಶ್ವರ್ಯದ ಮೂಲ ಎಂದು ಅದರ ಅರ್ಥ. ಹೈದರಾಬಾದಿನ ಪಶ್ಚಿಮಕ್ಕಿರುವ ಕೋಟೆಯೇ ಈ ಪದದ ತವರು. ಗೊಲ್ಲರ ಗುಡ್ಡ ಎಂದು ತೆಲುಗರು ಕರೆದ ಜಾಗ ಕುತುಬ್‌ಶಾಹಿಗಳ ರಾಜಧಾನಿಯಾಗಿ, ವಜ್ರದ ಪೇಟೆಯಾಗಿ, ಯೂರೋಪಿನವರ ಬಾಯಲ್ಲಿ ಸಿರಿವಂತಿಕೆಗೇ ಇನ್ನೊಂದು ಹೆಸರಾಯಿತು.

ಆದರೆ ಕೋಟೆಯಲ್ಲಿ ವಜ್ರದ ಗಣಿ ಇರಲೇ ಇಲ್ಲ.

ಕಲ್ಲುಗಳು ಬರುತ್ತಿದ್ದದ್ದು ದೂರದಿಂದ. ಮುಖ್ಯವಾಗಿ ಕೊಲ್ಲೂರಿನಿಂದ. ಮೂಕಾಂಬಿಕೆಯ ಕೊಲ್ಲೂರಲ್ಲ, ಗುಂಟೂರು ಸೀಮೆಯ ಕೃಷ್ಣಾ ದಂಡೆಯ ಕೊಲ್ಲೂರು. 17ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಫ್ರೆಂಚ್ ವ್ಯಾಪಾರಿ ಟ್ಯಾವರ್ನಿಯೆ, ಸುಮಾರು 60,000 ಮಂದಿ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಗಂಡಸರು ಅಗೆಯುತ್ತಿದ್ದರು, ಹೆಂಗಸರೂ ಮಕ್ಕಳೂ ಮಣ್ಣು ಹೊರುತ್ತಿದ್ದರು. ಇಷ್ಟು ಜನರ ಬೆವರು ಬಿದ್ದ ಊರಿನ ಹೆಸರು ನಿಘಂಟು ಸೇರಲಿಲ್ಲ. ಮಾಲು ಕೈಬದಲಾದ ಪೇಟೆಯ ಹೆಸರು ಸೇರಿತು. ಇದು ಅನ್ಯಾಯವೇ ಸರಿ.

ಕನ್ನಡಿಗರಿಗೆ ಹತ್ತಿರದ ಸಂಗತಿ ಮತ್ತೊಂದಿದೆ. ಟ್ಯಾವರ್ನಿಯೆ 'ರಾವಲ್‌ಕೊಂಡ' ಎಂದು ಕರೆದ ಗಣಿ, ಕೆಲವು ವಿದ್ವಾಂಸರು ಗುರುತಿಸಿದಂತೆ, ಕರ್ನೂಲು ಜಿಲ್ಲೆಯ ರಾಮಳ್ಳಕೋಟೆ. ಅದು ಆಗ ವಿಜಯಪುರದ ಆದಿಲ್‌ಶಾಹಿಗಳ ಅಧೀನದಲ್ಲಿತ್ತು. ಅಲ್ಲಿನ ವ್ಯಾಪಾರದ ರೀತಿಯನ್ನು ಆತ ಬಿಡಿಸಿ ಹೇಳಿದ್ದಾನೆ. ಕೊಳ್ಳುವವ, ಮಾರುವವ ಎದುರುಬದುರು ಕೂತು, ಬಟ್ಟೆಯಡಿ ಕೈ ಹಿಡಿದುಕೊಳ್ಳುತ್ತಾರೆ. ಮಾತಿಲ್ಲ. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ಬೆರಳಿನ ನಡುಗೆಣ್ಣಿನವರೆಗೆ ಮುಟ್ಟಿದರೆ ಐವತ್ತು, ತುದಿಗೆ ಹತ್ತು. ಸುತ್ತ ಜನ ನೆರೆದಿದ್ದರೂ ಬೆಲೆ ಆ ಇಬ್ಬರಿಗೆ ಮಾತ್ರ ಗೊತ್ತು. ಊರಿನ ಚೌಕದ ಮರದಡಿ ಹತ್ತರಿಂದ ಹದಿನಾರು ವರ್ಷದ ವರ್ತಕರ ಹುಡುಗರು ತೂಕದ ಬಟ್ಟುಗಳನ್ನೂ ವರಹದ ಚೀಲವನ್ನೂ ಇಟ್ಟುಕೊಂಡು ವಜ್ರ ಮಾರಲು ಬರುವವರಿಗಾಗಿ ಕಾಯುತ್ತಿದ್ದರಂತೆ.

1687ರಲ್ಲಿ ಔರಂಗಜೇಬ ಕೋಟೆ ಹಿಡಿದ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲೂ ವಜ್ರ ಸಿಕ್ಕಿತು. ಗೋಲ್ಕೊಂಡದ ವ್ಯಾಪಾರ ಇಳಿಯಿತು, ಪದ ಮಾತ್ರ ಊರೂರು ಸುತ್ತಿತು. ಅಮೆರಿಕದ ಇಲಿನಾಯ್ ಮತ್ತು ನೆವಾಡಗಳಲ್ಲಿ ಗೋಲ್ಕೊಂಡ ಹೆಸರಿನ ಊರುಗಳಿವೆ. ಬೆಲ್ಜಿಯಂನ ಕಲಾವಿದ ಮಗ್ರಿತ್, ಟೋಪಿ ತೊಟ್ಟ ಗಂಡಸರು ಆಕಾಶದ ತುಂಬ ತೇಲುವ 1953ರ ಚಿತ್ರಕ್ಕೆ ಇದೇ ಹೆಸರಿಟ್ಟ. ಪುದುಚೇರಿಯ ಅರವಿಂದಾಶ್ರಮದ ವಸತಿಗೃಹಕ್ಕಂತೂ ಈ ಹೆಸರು ಸಲ್ಲುವಂಥದ್ದೇ: ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ರೂಪಿಸಿದ ಆ ಕಟ್ಟಡಕ್ಕೆ ಹೈದರಾಬಾದಿನ ದಿವಾನ ಸರ್ ಅಕ್ಬರ್ ಹೈದರಿಯವರ ಪ್ರಯತ್ನದಿಂದ ನಿಜಾಮರ ದೇಣಿಗೆ ಬಂದಿತ್ತು.